ಮೋರಿಯ ಬಳಿ ಒಂದು ನಿಮಿಷ

ವೈರಸ್ ಬಂದಿರಲಿಲ್ಲ, ಹರಿಣಾಕ್ಷಿ. ನಿನ್ನ ಅಪ್ಪನ ಸ್ವರವನ್ನು ಶಾಲೆಯ ಕಂಪ್ಯೂಟರಿನಿಂದ ಅಳಿಸಿದವಳು ನಾನು. ಕೈತಪ್ಪಿ ಅಲ್ಲ, ಗೊತ್ತಿಲ್ಲದೆಯೂ ಅಲ್ಲ — ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು, ಎರಡು ಸಲ ಪೂರ್ತಿ ಕೇಳಿ, ಆಮೇಲೆ ಅಳಿಸಿದೆ. ಹದಿಮೂರು ವರ್ಷವಾಯಿತು. ಕಳೆದ ತಿಂಗಳು ನೀನು ಮೂಡುಬಿದಿರೆಯ ನಮ್ಮ ಮನೆಗೆ ಬಂದು ಕೇಳಿದಾಗಲೂ ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿದೆ. ಹೊಸ ಸುಳ್ಳು ಹುಡುಕುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ.

ನಿನ್ನೆ ಸಂಜೆ ನೀನು ಫೋನ್ ಮಾಡಿದೆ. "ಟೀಚರ್, ಆ ಹಳೆ ಕಂಪ್ಯೂಟರ್ ಶಾಲೆಯ ಸ್ಟೋರ್ ರೂಮಿನಲ್ಲಿಯೇ ಉಂಟು. ಹೆಡ್ ಮಾಷ್ಟ್ರು ತೆಕ್ಕೊಂಡು ಹೋಗು ಅಂದ್ರು. ಬಂಟ್ವಾಳದಲ್ಲಿ ಒಬ್ಬರು ಹೋದದ್ದು ಸಿಗ್ತದಾ ನೋಡ್ತೇನೆ ಅಂದಿದ್ದಾರೆ. ಅಲ್ಲಿ ಆಗದಿದ್ರೆ ಬೆಂಗಳೂರಿಗೆ ಕಳಿಸುವ ಅಂತ." ನಿನ್ನ ಸ್ವರದಲ್ಲಿ ಎಷ್ಟು ಉತ್ಸಾಹ ಇತ್ತೆಂದರೆ ನಾನು "ಆಯಿತು, ನೋಡು" ಎಂದೆ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮೇಲಿಟ್ಟ ಹಾಲನ್ನು ನೋಡುತ್ತ ನಿಂತೆ. ಅದು ಉಕ್ಕಿ ಚೆಲ್ಲಿದ ಮೇಲೆ ಒಲೆ ಆರಿಸಿದೆ.

ಬಂಟ್ವಾಳಕ್ಕೆ ಹೋಗಬೇಡ. ಬೆಂಗಳೂರಿಗೂ ಕಳಿಸಬೇಡ. ಅಪ್ಪನನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗುವೆಯಂತೆ — ಆ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಕ್ಯಾಮೆರಾದ ಕಾರ್ಡಿನಿಂದಲೂ ತೆಗೆದಿದ್ದೇನೆ. ಕಂಪ್ಯೂಟರನ್ನು ರಿಪೇರಿಗೆ ಕೊಟ್ಟು, ಒಳಗಿನದನ್ನೆಲ್ಲ ಒರೆಸಿ ಹೊಸದಾಗಿ ತುಂಬಿಸಿಕೊಡಿ ಎಂದು ಹೇಳಿದವಳೂ ನಾನೇ. ಅಷ್ಟು ಜಾಗ್ರತೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದು ನೆನಪಿಲ್ಲ.

ಇಷ್ಟನ್ನೇ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಪರವಾಗಿಲ್ಲ ಟೀಚರ್" ಎಂದುಬಿಡುತ್ತೀ. ನಿನ್ನ ಅಭ್ಯಾಸ ನನಗೆ ಗೊತ್ತು. ಅದನ್ನು ಕೇಳಿಸಿಕೊಂಡು ಹಗುರಾಗಿಬಿಡುವ ನನ್ನ ಅಭ್ಯಾಸವೂ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ.

ನೀನು ಆಗ ಏಳನೇ ತರಗತಿ. ದುಬೈಯಲ್ಲಿದ್ದ ನಮ್ಮ ಹಳೆ ವಿದ್ಯಾರ್ಥಿ ಅಶ್ರಫ್ ಶಾಲೆಗೆ ಒಂದು ಪ್ರೊಜೆಕ್ಟರ್, ಒಂದು ಸಣ್ಣ ಕ್ಯಾಮೆರಾ ಕೊಟ್ಟಿದ್ದ. ಬೆಳ್ತಂಗಡಿಯಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದ ನಾನು ಭಾರೀ ಹುರುಪಿನಲ್ಲಿದ್ದೆ. ಮಕ್ಕಳು ಹತ್ತು ಫೋಟೋ ತೆಗೆಯಬೇಕು, ಅವನ್ನು ಕ್ರಮದಲ್ಲಿ ಜೋಡಿಸಬೇಕು, ಒಂದಾದ ಮೇಲೊಂದು ಗೋಡೆಯ ಮೇಲೆ ಬರುವಾಗ ಹಿಂದಿನಿಂದ ಸ್ವರದಲ್ಲಿ ಕತೆ ಕೇಳಬೇಕು — ಫೋಟೋ ಕತೆ. ಕ್ಯಾಮೆರಾ ಒಂದೇ. ಸರದಿಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ದಿನ ಕೊಡುತ್ತಿದ್ದೆ. ಒಬ್ಬ ಕೋಳಿ ಕಾವು ಕೂತದ್ದನ್ನು ತೆಗೆದು ತಂದ. ಇನ್ನೊಬ್ಬ ತಂದ ಹತ್ತರಲ್ಲಿ ಆರು ಅವನದೇ ಹೆಬ್ಬೆರಳು. ವರ್ಷವಿಡೀ ಬಾಯಿ ಬಿಡದ ಮಕ್ಕಳು ಗೋಡೆಯ ಮೇಲೆ ತಮ್ಮ ಮನೆಯ ಹಿತ್ತಿಲು ಕಂಡ ಕೂಡಲೇ ಎದ್ದು ನಿಂತು ಮಾತಾಡಿದರು. ನನಗೆ ನಿಜವಾಗಿ ಸಂತೋಷವಾಗಿತ್ತು. ಈಗ ಅದನ್ನೂ ಬರೆಯಲು ನಾಚಿಕೆ, ಆದರೂ ಅದು ಸುಳ್ಳಲ್ಲ.

ಬೋರ್ಡಿನ ಮೇಲೆ ನಾನೇ ಬರೆದಿದ್ದೆ: ಹತ್ತರಲ್ಲಿ ಒಂದು ಚಿತ್ರ ಕತೆಯ ಜೀವ, ಅದನ್ನು ತೆಗೆದರೆ ಉಳಿದ ಒಂಬತ್ತು ಬರೇ ಫೋಟೋ. ನೀವೆಲ್ಲ ಕಾಪಿ ಪುಸ್ತಕದಲ್ಲಿ ಬರೆದುಕೊಂಡಿದ್ದಿರಿ.

ನಿನ್ನ ಸರದಿ ಬಂದಾಗ ಶನಿವಾರ. ನೀನು ಕ್ಯಾಮೆರಾ ಹಿಡಿದುಕೊಂಡು ನಾರಾವಿಯ ಅತ್ತೆಯ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಅಲ್ಲಿಂದ ಹೊರಡುವ ಮೊದಲ ಬಸ್ಸಿನಲ್ಲಿ, ಅಂದರೆ ನಿನ್ನ ಅಪ್ಪನದೇ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಬಂದೆ. ದೇಜಪ್ಪಣ್ಣ ಆ ಬಸ್ಸಿನ ಕಂಡಕ್ಟರು. ನಾರಾವಿಯಿಂದ ಚಾರ್ಮಾಡಿಯವರೆಗೆ ಪ್ರತಿ ಸ್ಟಾಪನ್ನೂ ಅವರು ಕೂಗುವ ಒಂದು ರೀತಿ ಇತ್ತಲ್ಲ — ಸುಲ್ಕೇರಿಯನ್ನು ತುಂಡು ಮಾಡಿ, ಅಳದಂಗಡಿಯನ್ನು ಎಳೆದು, ಗುರುವಾಯನಕೆರೆಯನ್ನು ಒಂದೇ ಉಸಿರಿನಲ್ಲಿ ನುಂಗಿ. "ಉಜಿರೆ ಉಜಿರೆ ಉಜಿರೇ... ಇಳೀಲಿಕ್ಕೆ ಇರುವವರು ಎದುರು ಬನ್ನಿ." ಆಮೇಲೆ ಬಾಗಿಲಿಗೆ ಎರಡು ಬಡಿತ, ಹೊರಡಲು "ರೈಟ್, ಪೋಯಿ." ಕಣ್ಣು ಮುಚ್ಚಿ ಕೂತವರಿಗೂ ಬಸ್ಸು ಎಲ್ಲಿ ಉಂಟೆಂದು ತಿಳಿಯುತ್ತಿತ್ತು. ಆ ಕ್ಯಾಮೆರಾದಲ್ಲಿ ಸ್ವರವನ್ನೂ ಹಿಡಿಯಬಹುದಿತ್ತು. ನೀನು ಸ್ಟಾಪಿಗೊಂದು ಫೋಟೋ ತೆಗೆದೆ, ಅಪ್ಪ ಕೂಗುವುದನ್ನು ಹಿಡಿದೆ.

ಉಜಿರೆ ದಾಟಿದ ಮೇಲೆ, ಸೋಮಂತಡ್ಕಕ್ಕಿಂತ ಮೊದಲು, ರಸ್ತೆಯ ಅಡಿಗೆ ಒಂದು ಮೋರಿ. ಅಲ್ಲಿ ಸ್ಟಾಪ್ ಇರಲಿಲ್ಲ. ಮೋರಿಯ ಮೇಲಿನ ಗುಡ್ಡದಲ್ಲಿ ನನ್ನ ಬಾಡಿಗೆ ಮನೆ ಇತ್ತು. ನಿನ್ನ ಅಪ್ಪ ಅಲ್ಲಿ ಬಸ್ಸು ನಿಲ್ಲಿಸುತ್ತಿದ್ದರು, ನನಗಾಗಿ. ನಾನು ಒಂದು ದಿನವಾದರೂ ಬಸ್ಸಿಗಿಂತ ಮೊದಲು ಬಂದು ಮೋರಿಯ ಬಳಿ ನಿಂತವಳಲ್ಲ. ಬಸ್ಸಿನ ಹಾರ್ನ್ ಕೇಳಿದ ಮೇಲೆ ಮನೆಯ ಬೀಗ ಹಾಕಿ ಗುಡ್ಡ ಇಳಿಯುತ್ತಿದ್ದೆ. ಯಾಕೆ ತಡವಾಗುತ್ತಿತ್ತು ಎಂದು ಬರೆಯಹೊರಟರೆ ಅದು ನೆಪವಾಗುತ್ತದೆ. ತಡವಾಗುತ್ತಿತ್ತು, ಅಷ್ಟೆ. ದೇಜಪ್ಪಣ್ಣ ಬಸ್ಸು ತುಂಬ ಜನರನ್ನು ಕಾಯಿಸುತ್ತಿದ್ದರು.

ಆ ಸೋಮವಾರವೂ ಓಡಿ ಬಂದು ಹತ್ತಿದೆ. ನಿನ್ನ ಕೈಯಲ್ಲಿ ಕ್ಯಾಮೆರಾ ಕಂಡಿತು. "ಹೋಮ್‌ವರ್ಕಾ?" ಎಂದು ಕೇಳಿದೆ. ನೀನು ನಕ್ಕು ತಲೆ ಆಡಿಸಿದೆ. ಅದರಲ್ಲಿ ಏನುಂಟೆಂದು ನನಗೆ ಹೊಳೆಯಲೂ ಇಲ್ಲ.

ಮೂರು ದಿನ ಕಳೆದು, ಮಕ್ಕಳೆಲ್ಲ ಆಟಕ್ಕೆ ಹೋದಾಗ, ಒಬ್ಬಳೇ ಕೂತು ನಿನ್ನ ಕತೆ ನೋಡಿದೆ. ತಾಲೂಕು ಮಟ್ಟದ ಪ್ರದರ್ಶನಕ್ಕೆ ಒಂದು ಕತೆಯನ್ನು ಆರಿಸಿ ಕಳಿಸಬೇಕಿತ್ತು. ಮೊದಲ ಆರು ಚಿತ್ರ ಬರುವಷ್ಟರಲ್ಲಿ ಇದೇ ಎಂದು ತೀರ್ಮಾನಿಸಿದ್ದೆ. ಅಷ್ಟು ಚೆನ್ನಾಗಿತ್ತು, ಹರಿಣಾಕ್ಷಿ. ಅಳದಂಗಡಿಯಲ್ಲಿ ಬುಟ್ಟಿ ಏರಿಸುವ ಕೈ ಮಾತ್ರ, ಮುಖ ಇಲ್ಲ. ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ನಿನ್ನ ಅಪ್ಪನ ಬೆನ್ನು, ಬೆವರಿಗೆ ಖಾಕಿ ಅಂಗಿ ಕಪ್ಪಾಗಿದ್ದು. ಏಳನೆಯ ಚಿತ್ರ ಬಂತು. ನಾನು.

ಗುಡ್ಡದ ಕಾಲುದಾರಿಯಲ್ಲಿ ಓಡಿ ಬರುತ್ತಿರುವ ನಾನು. ಒಂದು ಕೈಯಲ್ಲಿ ಸೀರೆಯ ನೆರಿಗೆ ಮೊಣಕಾಲಿನವರೆಗೆ ಎತ್ತಿ ಹಿಡಿದದ್ದು, ಇನ್ನೊಂದರಲ್ಲಿ ಕೊಡೆ, ಬ್ಯಾಗು ಹೆಗಲಿನಿಂದ ಜಾರಿ ಮೊಣಕೈಗೆ ಬಂದದ್ದು, ಬಾಯಿ ತೆರೆದದ್ದು. ಹಿಂದಿನಿಂದ ನಿನ್ನ ಅಪ್ಪನ ಸ್ವರ — "ಟೀಚರ್ ಬರ್ಪೆರ್, ಒಂಜಿ ನಿಮಿಷ. ಟೀಚರ್ ಬರ್ಪೆರ್." ಟೀಚರ್ ಬರುತ್ತಾರೆ, ಒಂದು ನಿಮಿಷ. ಬಸ್ಸಿನ ಹಿಂದಿನಿಂದ ಯಾರೋ, "ದಿನಾ ಇದೇ ಕತೆ ಮಾರಾಯ, ಟೀಚರಿಗೆ ಒಂದು ಗಡಿಯಾರ ತೆಗೆದುಕೊಡುವ." ಜನ ನಗುತ್ತಾರೆ. ನಿನ್ನ ಅಪ್ಪ ನಗುವುದಿಲ್ಲ. ಪುನಃ ಹೇಳುತ್ತಾರೆ — "ಒಂಜಿ ನಿಮಿಷ."

ನಾನು ಯಾವ ಟೀಚರ್ ಎಂದು ನಿನಗೆ ಗೊತ್ತಲ್ಲ. ಪ್ರಾರ್ಥನೆಗೆ ಎರಡು ನಿಮಿಷ ತಡವಾಗಿ ಬಂದವರನ್ನು ಇಡೀ ಪಿರಿಯಡ್ ಜಗಲಿಯಲ್ಲಿ ನಿಲ್ಲಿಸುತ್ತಿದ್ದವಳು. ನೆರಿಯದ ಕಾಡುದಾರಿಯಲ್ಲಿ ನಡೆದು ಬರುವ ಮಕ್ಕಳನ್ನೂ ನಿಲ್ಲಿಸುತ್ತಿದ್ದೆ. ನಿನ್ನನ್ನೂ ನಿಲ್ಲಿಸಿದ್ದೇನೆ, ಒದ್ದೆ ಲಂಗದಲ್ಲಿ, ಒಂದು ಜುಲೈಯಲ್ಲಿ. "ಹೊತ್ತಿಗೆ ಬರಲಿಕ್ಕೆ ಆಗದವರು ಮನೆಯಲ್ಲಿಯೇ ಇರಿ" ಎಂದು ಎಷ್ಟು ಸಲ ಹೇಳಿಲ್ಲ ನಾನು. ಆ ಚಿತ್ರ ನನ್ನ ತರಗತಿಯ ಗೋಡೆಯ ಮೇಲೆ ಬರುವುದು, ಆಮೇಲೆ ಬೆಳ್ತಂಗಡಿಯಲ್ಲಿ ಇಲಾಖೆಯವರ ಎದುರು ಬರುವುದು — ನನಗೆ ಮೈ ಬಿಸಿಯೇರಿತು. ಈ ಹುಡುಗಿ ಬೇಕೆಂದೇ ಮಾಡಿದ್ದಾಳೆ, ಜಗಲಿಯಲ್ಲಿ ನಿಲ್ಲಿಸಿದ್ದಕ್ಕೆ ಸೇಡು ತೀರಿಸಿದ್ದಾಳೆ ಎಂದು ಎಣಿಸಿದೆ. ಹದಿಮೂರು ವರ್ಷದ ಮಗುವಿನ ಮೇಲೆ ನಾನು ಹೊರಿಸಿದ್ದು ಅಂಥ ಆರೋಪ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೊರಿಸಿದೆ.

ಆಮೇಲೆ ನಿನ್ನ ಕಾಪಿ ಪುಸ್ತಕ ತೆರೆದು ನೋಡಿದೆ. ಕತೆಯ ಜೀವ ಯಾವುದು ಎಂಬಲ್ಲಿ ನೀನು ಬರೆದಿದ್ದೆ: "ಏಳನೇ ಚಿತ್ರ. ನನ್ನ ಅಪ್ಪ ಯಾರಿಗೂ ಕಾಯುವುದಿಲ್ಲ, ನನಗೂ ಇಲ್ಲ. ನನ್ನ ಟೀಚರಿಗೆ ಕಾಯುತ್ತಾರೆ. ಟೀಚರ್ ಇಲ್ಲದಿದ್ದರೆ ಶಾಲೆ ಇಲ್ಲ ಅಂತ ಹೇಳುತ್ತಾರೆ."

ಇದನ್ನು ಓದಿದ ಮೇಲೆಯೇ ನಾನು ಅಳಿಸಿದ್ದು. ಮೊದಲು ಅಲ್ಲ. ಕ್ರಮ ನಿನಗೆ ಗೊತ್ತಿರಬೇಕು.

ಆ ಒಂದು ಮಾತನ್ನು ಮಾತ್ರ ಕತ್ತರಿಸಿ ತೆಗೆಯೋಣ ಎಂದು ಹೊರಟೆ. ಕತ್ತರಿಸಲು ನನಗೆ ಬರಲಿಲ್ಲ. ಬೇರೆಯವರಿಂದ ಮಾಡಿಸಿದರೆ ಅವರು ಆ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಎಲ್ಲವನ್ನೂ — ಸುಲ್ಕೇರಿ, ಅಳದಂಗಡಿ, ಗುರುವಾಯನಕೆರೆ, ಉಜಿರೆ, ಚಾರ್ಮಾಡಿ, ಎಲ್ಲ. ಒಂದು ಬಟನು ಒತ್ತುವ ಕೆಲಸ. ಮರುದಿನ ನಿನ್ನನ್ನು ಕರೆದು ವೈರಸ್ಸಿನ ಕತೆ ಹೇಳಿದೆ. ನೀನು ಕೂಡಲೇ, "ಪರವಾಗಿಲ್ಲ ಟೀಚರ್, ಅಪ್ಪನ ಹತ್ತಿರ ಪುನಃ ಹೇಳಿಸುವ. ನಾಳೆಯೇ ತರ್ತೇನೆ" ಎಂದೆ. ಸಮಯವಿಲ್ಲ ಎಂದೆ ನಾನು. ಸಮಯ ಇತ್ತು. ಇನ್ನೂ ಒಂಬತ್ತು ದಿನ ಇತ್ತು.

ಏಳನೆಯ ಚಿತ್ರದ ಜಾಗಕ್ಕೆ ಶಾಲೆಯ ಗೇಟಿನ ಚಿತ್ರ ಹಾಕಿದೆ. "ನಮ್ಮೂರ ಬಸ್ಸು" ಎಂದು ಹೆಸರಿಟ್ಟೆ. ನಾನೇ ಬರೆದುಕೊಟ್ಟದ್ದನ್ನು ನಿನ್ನಿಂದ ಓದಿಸಿದೆ. "ಗ್ರಾಮೀಣ ಪ್ರದೇಶದ ಜನರಿಗೆ ಬಸ್ಸು ಅತ್ಯಂತ ಉಪಯುಕ್ತವಾದ ಸಾರಿಗೆ ಸಾಧನವಾಗಿದೆ." ನೀನು "ಸಾಧನ" ಎಂಬಲ್ಲಿ ಪ್ರತಿ ಸಲ ತಡವರಿಸುತ್ತಿದ್ದೆ. ನಾಲ್ಕು ಸಲ ಓದಿಸಿ ಐದನೆಯದನ್ನು ಇಟ್ಟುಕೊಂಡೆ. ಅದಕ್ಕೆ ಎರಡನೆಯ ಬಹುಮಾನ ಬಂತು. ನಿನ್ನ ಮನೆಯಲ್ಲಿರುವ ಸಿಡಿ ಅದೇ.

ವಾರ್ಷಿಕೋತ್ಸವದ ದಿನ ಅದನ್ನು ಎಲ್ಲರಿಗೂ ತೋರಿಸಿದೆವು. ದೇಜಪ್ಪಣ್ಣ ಒಂದು ಟ್ರಿಪ್ಪನ್ನು ಬೇರೆಯವರಿಗೆ ವಹಿಸಿ, ಖಾಕಿಯಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಜೊತೆಗೆ ಡ್ರೈವರನೂ ಇದ್ದ. ತನ್ನ ಸ್ವರ ಗೋಡೆಯ ಮೇಲೆ ಬರುತ್ತದಂತೆ ಎಂದು ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡಿದ್ದರಂತೆ. ವೈರಸ್ಸಿನ ವಿಷಯವನ್ನು ನೀನು ಅವರಿಗೆ ಹೇಳಿರಲಿಲ್ಲ ಎಂದು ಕಾಣುತ್ತದೆ, ಹೇಳಲು ನಿನಗೆ ಮನಸ್ಸು ಬಂದಿರಲಿಕ್ಕಿಲ್ಲ. ಚಿತ್ರಗಳು ಒಂದೊಂದಾಗಿ ಹೋದವು. ನಾನು ಚಿತ್ರ ನೋಡಲಿಲ್ಲ, ಅವರನ್ನು ನೋಡಿದೆ. ಅವರು ಕಡೆಯವರೆಗೂ ಸ್ವಲ್ಪ ಮುಂದೆ ಬಾಗಿ ಕೂತಿದ್ದರು, ಇನ್ನೇನು ಬರುತ್ತದೆ ಎಂಬಂತೆ. ಮುಗಿದ ಮೇಲೆ ನನ್ನ ಹತ್ತಿರ ಬಂದು, "ಒಳ್ಳೆದಾಗಿದೆ ಟೀಚರ್. ಮಗಳು ಒಳ್ಳೆ ಕನ್ನಡ ಮಾತಾಡ್ತಾಳೆ ಈಗ" ಎಂದರು.

ಮರುದಿನ ಬಸ್ಸು ಮೋರಿಯ ಬಳಿ ನಿಂತಿತು. ನಾನು ತಡವಾಗಿ ಬಂದು ಹತ್ತಿದೆ.

ಆಮೇಲೆ ನಾಲ್ಕು ವರ್ಷ, ನನಗೆ ಮೂಡುಬಿದಿರೆಯ ಕಡೆ ವರ್ಗವಾಗುವ ತನಕ, ದಿನಾ ಹಾಗೆಯೇ ನಿಂತಿತು. ನಾಲ್ಕು ವರ್ಷ ನನಗೆ ಬೆಳಗ್ಗೆ ಒಂದು ಅವಕಾಶ, ಸಂಜೆ ಒಂದು ಅವಕಾಶ ಇತ್ತು. ಟಿಕೆಟಿಗೆ ಕೈ ಚಾಚುವಾಗ ಹೇಳಿಬಿಡಬಹುದಿತ್ತು. "ದೇಜಪ್ಪಣ್ಣ, ನಿಮ್ಮ ಹತ್ತಿರ ಒಂದು ವಿಷಯ..." — ಅಷ್ಟು ಒಂದೆರಡು ಸಲ ಹೇಳಿದ್ದೂ ಉಂಟು. ಅವರು, "ಚಿಲ್ಲರೆ ಆಮೇಲೆ ಕೊಡ್ತೇನೆ ಟೀಚರ್" ಎಂದು ಮುಂದಕ್ಕೆ ಹೋಗುತ್ತಿದ್ದರು. ನಾನು ಬದುಕಿದೆ ಎಂದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕಳೆದ ತಿಂಗಳು ನೀನು ಬಂದೆ. ನಾನು ನಿವೃತ್ತಳಾಗಿದ್ದೇನೆಂದು ಗೊತ್ತಾಗಿ, ಹಣ್ಣು ತೆಗೆದುಕೊಂಡು, ಮಗಳನ್ನು ಕರೆದುಕೊಂಡು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಆರು ತಿಂಗಳಾಯಿತು ಎಂದೆ. ಕೈಕಾಲು ಸುಮಾರಾಗಿದೆ, ಕೋಲು ಹಿಡಿದು ನಡೆಯುತ್ತಾರೆ, ಆದರೆ ಮಾತು ಹೋಗಿದೆ. ಎಲ್ಲ ಅರ್ಥವಾಗುತ್ತದೆ, ನೀರು ಬೇಕೆಂದು ಹೇಳಲಿಕ್ಕೆ ಆಗುವುದಿಲ್ಲ, ಆಗದೆ ಸಿಟ್ಟು ಬಂದು ಲೋಟ ಎಸೆಯುತ್ತಾರೆ. ಮಂಗಳೂರಿನಲ್ಲಿ ಮಾತು ಕಲಿಸುವ ಮೇಡಂ ಹೇಳಿದರಂತೆ — ಹೊಸ ಮಾತು ಬಾರದಿದ್ದರೂ, ವರ್ಷಗಟ್ಟಲೆ ಬಾಯಿಪಾಠವಾಗಿ ಹೇಳಿದ್ದು ಕೆಲವರಿಗೆ ಒಳಗೆ ಉಳಿದಿರುತ್ತದೆ, ಅದರ ಬಾಲ ಹಿಡಿದು ಎಳೆದರೆ ಬೇರೆ ಮಾತೂ ಬರಬಹುದು. ಅವರದೇ ಸ್ವರದಲ್ಲಿ ಏನಾದರೂ ಉಂಟಾ ಎಂದು ಕೇಳಿದರಂತೆ.

"ಮದುವೆ ವೀಡಿಯೋದಲ್ಲಿ ಅಪ್ಪ ಸುಮ್ಮನೆ ನಿಂತಿದ್ದಾರೆ ಟೀಚರ್. ಬಸ್ಸಿನಲ್ಲಿ ಕೂಗುವುದನ್ನು ಯಾರು ರೆಕಾರ್ಡ್ ಮಾಡ್ತಾರೆ? ನಾನು ಮಾಡಿದ್ದು ಒಂದೇ, ಅದು ಏಳನೇಯಲ್ಲಿ" ಎಂದೆ ನೀನು. ನೀನೇ ಸ್ಟಾಪುಗಳ ಹೆಸರು ಹೇಳಿ ನೋಡಿದೆಯಂತೆ. ತುಟಿ ಅಲ್ಲಾಡಿತಂತೆ, ಸ್ವರ ಬರಲಿಲ್ಲವಂತೆ. "ನಾನು ಹೇಳುವ ರಾಗ ಸರಿ ಇಲ್ಲ ಅಂತ ಕಾಣ್ತದೆ" ಎಂದೆ.

ಆಗ ಹೇಳಬೇಕಿತ್ತು. ನಿನ್ನ ಮಗಳು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. "ಅದು ವೈರಸ್ ಬಂದು ಹೋಯಿತಲ್ಲ. ಆದರೂ ಹುಡುಕ್ತೇನೆ, ಹಳೆ ಸಾಮಾನಿನಲ್ಲಿ ಎಲ್ಲಿಯಾದರೂ ಇದ್ದರೆ..." ಎಂದೆ. ಇಲ್ಲದ್ದನ್ನು ನೀನು ಒಂದು ತಿಂಗಳು ಹುಡುಕಿದ್ದು ನನ್ನ ಆ ಮಾತನ್ನು ನಂಬಿ.

ಆ ಸ್ವರ ಇದ್ದಿದ್ದರೆ ಅವರಿಗೆ ಮಾತು ಬರುತ್ತಿತ್ತೇ? ಗೊತ್ತಿಲ್ಲ. ಬರದೆಯೂ ಇರಬಹುದಿತ್ತು — ಎಂದು ಈ ತಿಂಗಳಿಡೀ ನನಗೆ ನಾನೇ ಹೇಳಿಕೊಂಡು ನೋಡಿದೆ. ಸಮಾಧಾನವಾಗಲಿಲ್ಲ. ಪ್ರಯತ್ನ ಮಾಡಿ ನೋಡುವ ಅವಕಾಶವನ್ನೇ ನಿನ್ನಿಂದ ಕಿತ್ತುಕೊಂಡಿದ್ದೇನೆ. ನನ್ನನ್ನು ಕಾಯುವ ಆ ದನಿಯನ್ನು ನಾಲ್ಕು ಜನ ಕೇಳಬಾರದೆಂದು ಅಳಿಸಿದೆ. ಈಗ ಯಾರಿಗೂ ಕೇಳುವುದಿಲ್ಲ, ಅವರಿಗೂ ಇಲ್ಲ.

ತೆಗೆದುಹಾಕಿದ್ದರಲ್ಲಿ ಒಂದನ್ನು ಮಾತ್ರ ಪೂರ್ತಿ ಅಳಿಸಿರಲಿಲ್ಲ. ಏಳನೆಯ ಚಿತ್ರ. ಕಂಪ್ಯೂಟರಿನಿಂದ ತೆಗೆಯುವ ಮೊದಲು ಉಜಿರೆಯ ಸ್ಟುಡಿಯೋದಲ್ಲಿ ಒಂದು ಪ್ರಿಂಟ್ ಹಾಕಿಸಿದ್ದೆ. ಯಾಕೆಂದು ಆಗಲೂ ಗೊತ್ತಿರಲಿಲ್ಲ. ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇತ್ತು. ನಿನ್ನೆ ತೆಗೆದು ನೋಡಿದೆ. ನಾನು ಎಣಿಸಿದಷ್ಟು ವಿಕಾರವಾಗಿ ಇಲ್ಲ. ಫೋಟೋದ ಒಂದು ಅಂಚಿನಲ್ಲಿ ಬಸ್ಸಿನ ಬಾಗಿಲಿನ ಕಂಬಿ, ಅದನ್ನು ಹಿಡಿದ ನಿನ್ನ ಅಪ್ಪನ ಕೈ ಇದೆ. ಹದಿಮೂರು ವರ್ಷ ನಾನು ಅದರಲ್ಲಿ ನನ್ನನ್ನು ಮಾತ್ರ ನೋಡಿದ್ದೆ.

ಭಾನುವಾರ ಬರುತ್ತೇನೆ. ಈ ಕಾಗದ ಅದಕ್ಕಿಂತ ಮೊದಲು ನಿನಗೆ ತಲುಪಬೇಕು, ಗೊತ್ತಿಲ್ಲದೆ ನೀನು ನನಗೆ ಚಾ ಮಾಡಿಕೊಡಬಾರದು. ಆ ಸ್ಟಾಪುಗಳಲ್ಲಿ ಮೋರಿಯಿಂದ ಮುಂದಿನವನ್ನು ಅಷ್ಟು ವರ್ಷ ದಿನಾ ಕೇಳಿದ್ದೇನೆ, ಹಿಂದಿನವನ್ನು ಅಳಿಸುವ ಮೊದಲು ಎರಡು ಸಲ ಕೇಳಿದ್ದೇನೆ. ಯಾವುದನ್ನು ಎಳೆಯುತ್ತಿದ್ದರು, ಯಾವುದನ್ನು ನುಂಗುತ್ತಿದ್ದರು ಎಂಬುದು ನನಗೆ ನೆನಪಿದೆ. ನಿನ್ನೆಯಿಂದ ಒಬ್ಬಳೇ ಹೇಳಿ ನೋಡುತ್ತಿದ್ದೇನೆ. ನನ್ನ ಬಾಯಲ್ಲಿ ಅದು ಪಾಠ ಓದಿದ ಹಾಗೆ ಕೇಳುತ್ತದೆ. ಆದರೂ ಅವರ ಪಕ್ಕದಲ್ಲಿ ಕೂತು ಹೇಳುತ್ತೇನೆ, ತಪ್ಪಿದರೆ ಅವರಿಗೆ ಸಿಟ್ಟು ಬರಲಿ, ಲೋಟ ನನ್ನ ಮೇಲೆಯೇ ಎಸೆಯಲಿ. ಅದಕ್ಕೂ ಮೊದಲು, ವಾರ್ಷಿಕೋತ್ಸವದ ದಿನ ಗೋಡೆಯಿಂದ ಅವರ ಸ್ವರ ಯಾಕೆ ಬರಲಿಲ್ಲ ಎಂದು ಅವರಿಗೆ ಹೇಳುತ್ತೇನೆ. ಅವರಿಗೆ ಎಲ್ಲ ಅರ್ಥವಾಗುತ್ತದೆ ಎಂದೆಯಲ್ಲ. ಏನು ಹೇಳಬೇಕೆನಿಸಿದರೂ ಅವರಿಗೆ ಹೇಳಲಿಕ್ಕೆ ಆಗುವುದಿಲ್ಲ, ಅದೂ ನನಗೆ ಗೊತ್ತಿದೆ.

ನೀನು ಬಾಗಿಲು ತೆರೆಯದಿದ್ದರೆ ಫೋಟೋವನ್ನು ಜಗಲಿಯಲ್ಲಿಟ್ಟು ಹೊರಟುಬಿಡುತ್ತೇನೆ. ಕರೆಗಂಟೆಯನ್ನು ಎರಡನೇ ಸಲ ಒತ್ತುವುದಿಲ್ಲ.

ಮೊದಲ ಬಸ್ಸಿಗೇ ಹೊರಡುತ್ತೇನೆ. ಆದರೂ ತಡವಾಗಿಯೇ ಬರುತ್ತಿದ್ದೇನೆ, ಹರಿಣಾಕ್ಷಿ. ಈ ಸಲ ನನಗಾಗಿ ಒಂದು ನಿಮಿಷ ಕಾಯಿರಿ ಎಂದು ಯಾರ ಹತ್ತಿರವೂ ಕೇಳುವುದಿಲ್ಲ.